ಮೂಗು ಕಟ್ಟಿದಾಗ, ಎದೆಯಲ್ಲಿ ಕಫ ನಿಂತಾಗ: ಮನೆಮದ್ದಿನ ವಿಧಾನ ಮತ್ತು ಅದಕ್ಕಿರುವ ಪುರಾವೆ

ಮಳೆ ಹಿಡಿದ ದಿನಗಳಲ್ಲಿ ಬೆಳಗಾವಿ, ಖಾನಾಪುರದ ಕಡೆಯಿಂದ, ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿಯ ಕಡೆಯಿಂದ, ಜೋಳದ ರಾಶಿಯ ಹೊತ್ತಿಗೆ ಸಿಂದಗಿ, ಇಂಡಿಯ ಕಡೆಯಿಂದ ಓದುಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಕಟ್ಟಿದ ಕಫ ಕರಗಲು ಯಾವ ಕಷಾಯ ಕುಡಿಯಬೇಕು, ಅದು ನಿಜಕ್ಕೂ ಕೆಲಸ ಮಾಡುತ್ತದೆಯೇ? ಮೊದಲಿನವರು ಪ್ರಶ್ನೆಯ ಮೊದಲ ಅರ್ಧವನ್ನಷ್ಟೇ ಕೇಳುತ್ತಿದ್ದರು. ಈಗ ಎರಡನೆಯ ಅರ್ಧವನ್ನೂ ಕೇಳುವವರು ಹೆಚ್ಚಾಗಿರುವುದರಿಂದ, ವಿಧಾನವನ್ನೂ ಪುರಾವೆಯನ್ನೂ ಇಲ್ಲಿ ಜೊತೆಯಾಗಿಯೇ ಹೇಳಿದ್ದೇನೆ.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಬೇಕು. ನೆಗಡಿಯ ವೈರಾಣುವನ್ನು ಮನುಷ್ಯರ ದೇಹದಲ್ಲಿ ಕೊಲ್ಲುತ್ತದೆ ಎಂದು ಸಾಬೀತಾದ ಸೊಪ್ಪಾಗಲಿ, ಬೇರಾಗಲಿ, ಪುಡಿಯಾಗಲಿ ಇಲ್ಲ. ಸಾಮಾನ್ಯ ನೆಗಡಿ 7ರಿಂದ 10 ದಿನಗಳಲ್ಲಿ ತಾನಾಗಿ ಇಳಿಯುತ್ತದೆ, ಅದರ ಬೆನ್ನಿಗೆ ಬರುವ ಕೆಮ್ಮು 2-3 ವಾರ ಉಳಿಯಲೂಬಹುದು. ಆ ದಿನಗಳಲ್ಲಿ ಗಂಟಲು ತಣಿಸುವುದು, ಮೂಗು ತೆರವಾಗಿಡುವುದು, ರಾತ್ರಿ ನಿದ್ದೆ ಬರುವಂತೆ ಮಾಡುವುದು ಮನೆಮದ್ದಿನ ಕೆಲಸ. ಅದಕ್ಕಿಂತ ಹೆಚ್ಚನ್ನು ಅದರಿಂದ ನಿರೀಕ್ಷಿಸಿದಾಗಲೇ ಜನ ಕಷಾಯವನ್ನು ದಿನದಿನಕ್ಕೂ ಖಾರ ಮಾಡುತ್ತಾ ಹೋಗುತ್ತಾರೆ, ಆಸ್ಪತ್ರೆಗೆ ಹೋಗುವುದನ್ನು ಮುಂದೂಡುತ್ತಾರೆ. ನಾನು ಕಂಡಂತೆ ತೊಂದರೆಯಾಗುವುದು ಗಿಡಮೂಲಿಕೆಯಿಂದ ಕಡಿಮೆ, ಈ ಎರಡು ಅಭ್ಯಾಸಗಳಿಂದ ಹೆಚ್ಚು.

ಬೇಕಾಗುವ ಸಾಮಾನು

ಹಸಿ ಶುಂಠಿ (ನಮ್ಮ ಕಡೆ ಇದನ್ನೇ "ಅಲ್ಲ" ಎನ್ನುತ್ತಾರೆ), ಒಣಶುಂಠಿ, ಕರಿಮೆಣಸು, ದಾಲ್ಚಿನ್ನಿ, ಅಜವಾನ, ತುಳಸಿ, ಜೇನುತುಪ್ಪ ಮತ್ತು ಅಡುಗೆ ಉಪ್ಪು ಇದ್ದರೆ ಮುಕ್ಕಾಲು ಕೆಲಸ ಮುಗಿದಂತೆ. ಇವುಗಳ ಜೊತೆಗೆ ಬಿಗಿಯಾದ ಮುಚ್ಚಳವಿರುವ ಸಣ್ಣ ಬೋಗುಣಿ, ಸೋಸಲು ಜರಡಿ, 5 ಮಿಲಿ ಹಿಡಿಯುವ ಅಳತೆಯ ಚಮಚ ಮತ್ತು ಜ್ವರ ನೋಡುವ ಥರ್ಮಾಮೀಟರ್ ಇಟ್ಟುಕೊಳ್ಳಿರಿ. ಅಳತೆಯ ಚಮಚ ಇಲ್ಲದಿದ್ದರೆ ಔಷಧದ ಬಾಟಲಿಯ ಮೇಲೆ ಬರುವ ಗೆರೆ ಹಾಕಿದ ಮುಚ್ಚಳ ಸಾಕು. ಜೇನನ್ನು ಪರವಾನಗಿ ಸಂಖ್ಯೆ ಮತ್ತು ತಯಾರಿಕೆಯ ದಿನಾಂಕ ಮುದ್ರಿಸಿರುವ ಬಾಟಲಿಯಲ್ಲಿಯೇ ಕೊಳ್ಳಿರಿ. ನೀರಿಗೆ ಹನಿ ಬಿಟ್ಟು ನೋಡುವುದು, ಕಡ್ಡಿಗೆ ಸವರಿ ಹೊತ್ತಿಸಿ ನೋಡುವುದು ಮುಂತಾದ ಮನೆಯ ಪರೀಕ್ಷೆಗಳಿಂದ ಸಕ್ಕರೆ ಪಾಕದ ಕಲಬೆರಕೆ ಪತ್ತೆಯಾಗುತ್ತದೆ ಎಂದು ನಂಬಬೇಡಿರಿ.

ಹಂತ 1: ಕಟ್ಟಿರುವುದು ಎಲ್ಲಿ ಎಂದು ಮೊದಲು ತಿಳಿಯಿರಿ

"ಕಫ ಆಗಿದೆ" ಎಂಬ ಒಂದೇ ಮಾತಿನಲ್ಲಿ ನಾವು ಬೇರೆ ಬೇರೆ ತೊಂದರೆಗಳನ್ನು ಹೇಳುತ್ತೇವೆ. ಅವುಗಳಿಗೆ ಬೇಕಾದ ಮದ್ದು ಒಂದೇ ಅಲ್ಲ.

ಮೂಗು ಕಟ್ಟುವುದು ಬಹುಪಾಲು ಸಿಂಬಳ ತುಂಬಿದ್ದರಿಂದ ಅಲ್ಲ. ಮೂಗಿನ ಒಳಪೊರೆಯಲ್ಲಿರುವ ಸಣ್ಣ ರಕ್ತನಾಳಗಳು ಹಿಗ್ಗಿ, ಪೊರೆ ಊದಿಕೊಂಡು ದಾರಿ ಕಿರಿದಾಗುತ್ತದೆ. ಸಿಂಬಳ ತೆಗೆಯಲು ಮೂಗಿನಿಂದ ಎಷ್ಟು ಜೋರಾಗಿ ಗಾಳಿ ಬಿಟ್ಟರೂ ಏನೂ ಹೊರಬರದೆ ಕಿವಿ ಮಾತ್ರ ನೋಯುವುದು ಈ ಕಾರಣಕ್ಕೆ. ಇಂಥವರಿಗೆ ಉಪ್ಪುನೀರು ಮತ್ತು ಬಿಸಿ ಪಾನೀಯ ಹೆಚ್ಚು ಹಿಡಿಸುತ್ತವೆ. ಗಂಟಲಲ್ಲಿ ಕೆರೆತ, ಒಣಕೆಮ್ಮು ಇದ್ದವರಿಗೆ ಜೇನು ಮೇಲು. ಎದೆಯಲ್ಲಿ ಕಫ ಗೊರಗೊರ ಎನ್ನುತ್ತಿದ್ದರೆ, ಕೆಮ್ಮಿದಾಗ ಅದು ಹೊರಬರುತ್ತಿದ್ದರೆ, ಕೆಮ್ಮನ್ನು ಅದುಮಿ ಹಿಡಿಯುವ ಔಷಧಿ ಬೇಡ. ಚೆನ್ನಾಗಿ ನೀರು, ಗಂಜಿ, ಸಾರು ಕುಡಿಯುತ್ತ ಕಫ ತೆಳ್ಳಗೆ ಉಳಿಯುವಂತೆ ನೋಡಿಕೊಳ್ಳಬೇಕು.

ಉಸಿರು ಬಿಡುವಾಗ ಎದೆಯಿಂದ ಸೀಟಿಯಂಥ ಸದ್ದು ಬಂದರೆ ಅದು ಉಬ್ಬಸ, ಆಡುಮಾತಿನ ದಮ್ಮು. ಅಲ್ಲಿ ಶ್ವಾಸನಾಳದ ಸ್ನಾಯುಗಳೇ ಬಿಗಿದಿರುತ್ತವೆ. ಅದಕ್ಕೆ ಈ ಲೇಖನದ ಯಾವ ಮದ್ದೂ ಸಾಲದು; ವೈದ್ಯರು ಬರೆದುಕೊಟ್ಟ ಇನ್‌ಹೇಲರ್ ಬೇಕು. ರಾಶಿ ಮಾಡುವಾಗ, ಹೊಟ್ಟು ತೂರುವಾಗ, ಮನೆ ಝಾಡಿಸುವಾಗ ಮಾತ್ರ ಸಾಲುಸಾಲಾಗಿ ಸೀನು ಬಂದು, ಕಣ್ಣು ತುರಿಸಿ, ಜ್ವರವಿಲ್ಲದೆ ನೀರಿನಂಥ ಸಿಂಬಳ ಸುರಿಯುತ್ತಿದ್ದರೆ ಅದು ಧೂಳಿನ ಅಲರ್ಜಿಯಾಗಿರುವ ಸಂಭವವೇ ಹೆಚ್ಚು. ಅಂಥವರಿಗೆ ಕಷಾಯಕ್ಕಿಂತ ಮೂಗು-ಬಾಯಿಗೆ ಬಿಗಿಯಾದ ಮಾಸ್ಕ್ ಮತ್ತು ಕೆಲಸ ಮುಗಿದ ಮೇಲೆ ಮೂಗಿಗೆ ಉಪ್ಪುನೀರು ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಹಂತ 2: ನಿಮಗೆ ಯಾವುದು ಸಲ್ಲದು ಎಂದು ನೋಡಿಕೊಳ್ಳಿರಿ

ಈ ಹಂತವನ್ನು ಎಲ್ಲರೂ ದಾಟಿ ಹೋಗುತ್ತಾರೆ. ನೀವು ಹಾಗೆ ಮಾಡಬೇಡಿರಿ.

ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪವನ್ನು ನೆಕ್ಕಿಸಲೂ ಬಾರದು. ಜೇನಿನಲ್ಲಿ ಇರಬಹುದಾದ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಎಳೆಗೂಸಿನ ಕರುಳಿನಲ್ಲಿ ಮೊಳೆತು ವಿಷವನ್ನು ಹುಟ್ಟಿಸಿ, ಸ್ನಾಯುಗಳನ್ನು ಸೋಲಿಸಿ ಉಸಿರಾಟವನ್ನೇ ಕುಂದಿಸಬಲ್ಲವು. ಬಾಣಂತಿ ಮನೆಯ ಹಿರಿಯರು ಬಜೆ ತೇಯ್ದು ಜೇನಿನಲ್ಲಿ ಕಲಸಿ ನೆಕ್ಕಿಸುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಅವರಿಗೆ ಸಮಾಧಾನದಿಂದ ಈ ಕಾರಣವನ್ನು ತಿಳಿಸಿ ಹೇಳಿರಿ.

ಗರ್ಭಿಣಿಯರು ಆಡುಸೋಗೆಯನ್ನು ಸೇವಿಸಬಾರದು, ಏಕೆಂದರೆ ಅದರಲ್ಲಿರುವ ವಾಸಿಸಿನ್ ಗರ್ಭಕೋಶವನ್ನು ಸಂಕುಚಿಸುವ ಗುಣವುಳ್ಳದ್ದು. ಜ್ಯೇಷ್ಠಮಧುವನ್ನೂ ಅವರು ದೂರವಿಡುವುದು ಒಳ್ಳೆಯದು. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರಿಗೂ ಜ್ಯೇಷ್ಠಮಧು ಹೊಂದುವುದಿಲ್ಲ. ಅದರ ಗ್ಲಿಸಿರೈಝಿನ್ ಎಂಬ ಅಂಶ ದೇಹದಲ್ಲಿ ಉಪ್ಪನ್ನೂ ನೀರನ್ನೂ ಹಿಡಿದಿಟ್ಟು ರಕ್ತದೊತ್ತಡವನ್ನು ಏರಿಸುತ್ತದೆ, ಪೊಟ್ಯಾಶಿಯಂ ಅನ್ನು ಇಳಿಸುತ್ತದೆ. ಯುರೋಪಿನ ಆಹಾರ ತಜ್ಞರ ಸಮಿತಿ ಅದಕ್ಕೆ ದಿನಕ್ಕೆ 100 ಮಿಲಿಗ್ರಾಂ ಮಿತಿಯನ್ನು ಸೂಚಿಸಿದೆ.

ಮೂರ್ಛೆರೋಗಕ್ಕೆ ಫೆನಿಟೋಯಿನ್, ದಮ್ಮಿಗೆ ಥಿಯೋಫಿಲಿನ್ ಮಾತ್ರೆ ನುಂಗುವವರು ಮೆಣಸು, ಹಿಪ್ಪಲಿಗಳ ಚೂರ್ಣವನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಅವುಗಳಲ್ಲಿರುವ ಪಿಪೆರಿನ್, ಔಷಧಿ ರಕ್ತಕ್ಕೆ ಸೇರುವ ಪ್ರಮಾಣವನ್ನು ಹೆಚ್ಚಿಸುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರಿಶಿನದ ಕರ್ಕ್ಯುಮಿನ್ ಜೊತೆಗೆ ಕೇವಲ 20 ಮಿಲಿಗ್ರಾಂ ಪಿಪೆರಿನ್ ಕೊಟ್ಟಾಗ ಅದರ ಹೀರುವಿಕೆ ಹಲವು ಪಟ್ಟು ಏರಿತ್ತು. ಅರಿಶಿನ ಹಾಲಿಗೆ ಚಿಟಿಕೆ ಮೆಣಸು ಹಾಕಿರೆಂದು ಎಲ್ಲರೂ ಹೇಳುವುದರ ಆಧಾರ ಇದೇ, ಆದರೆ ಇದೇ ಗುಣ ಇತರ ಮಾತ್ರೆಗಳ ವಿಷಯದಲ್ಲಿ ತೊಡಕಾಗುತ್ತದೆ. ಸಾರಿಗೆ ಹಾಕುವಷ್ಟು ಮೆಣಸಿಗೆ ಹೆದರಬೇಕಾಗಿಲ್ಲ. ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರು ಬಳ್ಳೊಳ್ಳಿ, ಶುಂಠಿ, ಅರಿಶಿನಗಳನ್ನು ಮದ್ದಿನ ಪ್ರಮಾಣದಲ್ಲಿ ಸೇವಿಸುವ ಮೊದಲು ಕೇಳಬೇಕು.

ಅಮೃತಬಳ್ಳಿಯ ಬಗ್ಗೆಯೂ ಒಂದು ಮಾತು ಹೇಳಬೇಕಾಗಿದೆ, ಏಕೆಂದರೆ ಕೋವಿಡ್ ನಂತರ ಅದು ಎಲ್ಲ ಕಷಾಯಗಳಿಗೂ ನುಗ್ಗಿದೆ. ಅದನ್ನು ಸೇವಿಸಿದ ನಂತರ ಯಕೃತ್ತಿಗೆ, ಅಂದರೆ ಲಿವರಿಗೆ ಪೆಟ್ಟಾದ 6 ರೋಗಿಗಳ ವಿವರವನ್ನು ಮುಂಬಯಿಯ ವೈದ್ಯರು 2021ರಲ್ಲಿ ಪ್ರಕಟಿಸಿದರು. ಆ ವಿಷಯದಲ್ಲಿ ವಾದವಿವಾದಗಳಾದವು, ಆದರೂ ಲಿವರ್ ತೊಂದರೆ ಇರುವವರು ಅದರಿಂದ ದೂರವಿರುವುದು ವಾಸಿ. ನೆಗಡಿಗೆ ಅದು ಬೇಕೇ ಬೇಕು ಎನ್ನುವುದಕ್ಕೆ ಹೇಗೂ ಗಟ್ಟಿ ಪುರಾವೆ ಇಲ್ಲ.

ಹಂತ 3: ಕಷಾಯ ಮಾಡುವುದು

ಒಬ್ಬರಿಗೆ ಒಂದು ಹೊತ್ತಿಗೆ ಸಾಕಾಗುವ ಅಳತೆ ಇದು: ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟು ಅಲ್ಲವನ್ನು ಜಜ್ಜಿಕೊಳ್ಳಿರಿ. 3-4 ಕಾಳು ಮೆಣಸನ್ನು ಒಡೆದುಕೊಳ್ಳಿರಿ. ಒಂದೂವರೆ ಕಪ್ ನೀರಿನಲ್ಲಿ ಇವೆರಡನ್ನೂ ಸಣ್ಣ ಉರಿಯಲ್ಲಿ 7-8 ನಿಮಿಷ ಕುದಿಸಿ ಒಲೆ ಆರಿಸಿರಿ. ಆಮೇಲೆ 8-10 ತುಳಸಿ ಎಲೆಗಳನ್ನು ಕಿವುಚಿ ಹಾಕಿ, ಕೂಡಲೇ ಮುಚ್ಚಳ ಮುಚ್ಚಿ 5 ನಿಮಿಷ ಬಿಡಿರಿ. ಸೋಸಿ, ನಾಲಿಗೆ ಸುಡದಷ್ಟು ಬಿಸಿಯಿರುವಾಗ ಗುಟುಕು ಗುಟುಕಾಗಿ ಕುಡಿಯಿರಿ. ದೊಡ್ಡವರಿಗೆ ದಿನಕ್ಕೆ ಎರಡು ಸಲ ಸಾಕು, ಮೂರಕ್ಕೆ ಮೀರುವುದು ಬೇಡ.

ಬೇರು, ತೊಗಟೆ, ಕಾಳುಗಳನ್ನು ಕುದಿಸಬೇಕು, ಎಲೆಗಳನ್ನು ಬಿಸಿನೀರಿನಲ್ಲಿ ನೆನೆಹಾಕಬೇಕು ಎಂಬ ಈ ಭೇದ ಆಯುರ್ವೇದದಲ್ಲಿ ಹಳೆಯದು. ಕುದಿಸಿ ಬತ್ತಿಸಿದ್ದು ಕ್ವಾಥ, ಬಿಸಿನೀರಿನಲ್ಲಿ ನೆನೆಸಿ ಸೋಸಿದ್ದು ಫಾಂಟ. ತುಳಸಿಯ ಪರಿಮಳಕ್ಕೆ ಕಾರಣವಾದ ಯೂಜೆನಾಲ್, ಅಜವಾನದ ಥೈಮಾಲ್ ಇವೆಲ್ಲ ಆವಿಯಾಗಿ ಹಾರಿಹೋಗುವ ಎಣ್ಣೆಗಳು. ಮುಚ್ಚಳವಿಲ್ಲದೆ ಅರ್ಧ ತಾಸು ಕುದಿಸಿದರೆ ಮನೆಯೆಲ್ಲ ಘಮಘಮಿಸುತ್ತದೆ, ಆದರೆ ಆ ಘಮದ ಮಟ್ಟಿಗೆ ಲೋಟದಲ್ಲಿ ಉಳಿಯುವುದು ಕಡಿಮೆಯಾಗುತ್ತದೆ. ಮುಚ್ಚಳ ತೆಗೆದಾಗ ಅದರ ಒಳಮೈಗೆ ಹತ್ತಿದ ಹನಿಗಳನ್ನು ಕಷಾಯಕ್ಕೇ ಝಾಡಿಸಿಬಿಡಿರಿ, ಪರಿಮಳದ ಅಂಶ ಅವುಗಳಲ್ಲಿ ಚೆನ್ನಾಗಿರುತ್ತದೆ.

ಪುಡಿ ಮಾಡಿಟ್ಟುಕೊಳ್ಳಲು ಬಯಸುವವರಿಗೆ ಕೇಂದ್ರದ ಆಯುಷ್ ಸಚಿವಾಲಯ 2020ರಲ್ಲಿ ಹೊರಡಿಸಿದ ಆಯುಷ್ ಕ್ವಾಥದ ಪಾಕ ಅನುಕೂಲಕರವಾಗಿದೆ: ತುಳಸಿ 4 ಭಾಗ, ದಾಲ್ಚಿನ್ನಿ 2 ಭಾಗ, ಒಣಶುಂಠಿ 2 ಭಾಗ, ಕರಿಮೆಣಸು 1 ಭಾಗ, ಈ ಪುಡಿ 3 ಗ್ರಾಂ, ಕುದಿಯುವ ನೀರು 150 ಮಿಲಿ. ತುಳಸಿ ಎಲೆಯನ್ನು ನೆರಳಿನಲ್ಲಿ ಗರಿಗರಿಯಾಗಿ ಒಣಗಿಸದೆ ಪುಡಿ ಮಾಡಿದರೆ ಡಬ್ಬಿಯಲ್ಲಿ ಬೂಜು ಹಿಡಿಯುತ್ತದೆ.

ಪುರಾವೆ ಏನು? ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ನೆಗಡಿಯಿದ್ದ 30 ಜನರಿಗೆ ಒಂದೇ ಹಣ್ಣಿನ ಪಾನೀಯವನ್ನು ಬಿಸಿಯಾಗಿಯೂ ತಣ್ಣಗೂ ಕೊಟ್ಟು ನೋಡಿದರು. ಬಿಸಿಯಾಗಿ ಕುಡಿದವರಿಗೆ ಮೂಗು ಸೋರುವುದು, ಕೆಮ್ಮು, ಗಂಟಲು ನೋವು, ಚಳಿ, ದಣಿವು ಎಲ್ಲವೂ ಕೂಡಲೇ ಕಡಿಮೆಯಾದಂತೆ ಅನಿಸಿತು. ಆದರೆ ಮೂಗಿನೊಳಗೆ ಗಾಳಿ ಹರಿಯುವ ಪ್ರಮಾಣವನ್ನು ಯಂತ್ರದಿಂದ ಅಳೆದಾಗ ವ್ಯತ್ಯಾಸ ಕಾಣಲಿಲ್ಲ. ಅಂದರೆ ಕಷಾಯದಿಂದ ಸಿಗುವ ಹಿತದಲ್ಲಿ ಬಹುಪಾಲು ಅದರ ಬಿಸಿಯಿಂದಲೇ ಬರುತ್ತದೆ ಎಂದು ತಿಳಿಯಬೇಕು. ಹಸಿ ಶುಂಠಿಯ ರಸ ಉಸಿರಾಟದ ಒಂದು ವೈರಾಣುವನ್ನು ಪ್ರಯೋಗಾಲಯದ ಜೀವಕೋಶಗಳಲ್ಲಿ ತಡೆಯಿತೆಂದು 2013ರಲ್ಲಿ ವರದಿಯಾಗಿದೆ, ಒಣಶುಂಠಿಯಿಂದ ಆ ಫಲ ಕಾಣಲಿಲ್ಲ. ಆದರೆ ಗಾಜಿನ ತಟ್ಟೆಯಲ್ಲಿ ನಡೆದದ್ದು ಗಂಟಲಲ್ಲಿಯೂ ನಡೆಯುತ್ತದೆ ಎಂದು ಹೇಳಲು ಬರುವುದಿಲ್ಲ. ತುಳಸಿಯ ಮೇಲೆ ಮನುಷ್ಯರಲ್ಲಿ ನಡೆದ ಪ್ರಯೋಗಗಳು ಸಣ್ಣವು. ಆದ್ದರಿಂದ ಕಷಾಯವನ್ನು ಕಣ್ಣಲ್ಲಿ ನೀರು ಬರುವಷ್ಟು ಖಾರ ಮಾಡುವುದರಲ್ಲಿ ಅರ್ಥವಿಲ್ಲ. ಹೊಟ್ಟೆ ಉರಿದು ಎದೆಯವರೆಗೆ ಹುಳಿ ಏರಿದರೆ ಅದೇ ಮತ್ತೊಂದು ಕೆಮ್ಮಿಗೆ ಕಾರಣವಾಗುತ್ತದೆ.

ಬಳ್ಳೊಳ್ಳಿಯ ಬಗ್ಗೆ ಕೇಳುವವರಿಗೆ: 146 ಜನರ ಮೇಲೆ 12 ವಾರ ನಡೆದ ಒಂದು ಪ್ರಯೋಗದಲ್ಲಿ ದಿನವೂ ಬಳ್ಳೊಳ್ಳಿ ಮಾತ್ರೆ ತೆಗೆದುಕೊಂಡವರ ಗುಂಪಿನಲ್ಲಿ 24 ನೆಗಡಿಗಳು, ಹುಸಿಮಾತ್ರೆ ತೆಗೆದುಕೊಂಡವರಲ್ಲಿ 65 ನೆಗಡಿಗಳು ದಾಖಲಾದವು. ಒಂದೇ ಪ್ರಯೋಗ, ಅದೂ ನೆಗಡಿ ಬಾರದಂತೆ ತಡೆಯುವುದರ ಬಗ್ಗೆ. ಬಂದ ನೆಗಡಿ ಬೇಗ ಹೋಗುತ್ತದೆ ಎಂದು ಅದರಿಂದ ಹೇಳಲಾಗದು.

ಹಾಲು ಕುಡಿದರೆ ಕಫ ಹೆಚ್ಚುತ್ತದೆ ಎಂದು ಮಕ್ಕಳಿಗೆ ಹಾಲು ನಿಲ್ಲಿಸುವವರಿದ್ದಾರೆ. ಆಸ್ಟ್ರೇಲಿಯಾದಲ್ಲಿ 1990ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 60 ಜನರಿಗೆ ನೆಗಡಿಯ ವೈರಾಣುವನ್ನು ಬೇಕೆಂದೇ ತಗುಲಿಸಿ ಅವರ ಸಿಂಬಳವನ್ನು ತೂಗಿ ನೋಡಿದರು. ಹಾಲು ಹೆಚ್ಚು ಕುಡಿದವರಿಗೆ ಸಿಂಬಳ ಹೆಚ್ಚಾಗಲಿಲ್ಲ. ಊಟ ಸೇರದ ಮಗುವಿಗೆ ಬಿಸಿ ಹಾಲು ತಪ್ಪಿಸಬೇಡಿರಿ.

ಹಂತ 4: ರಾತ್ರಿ ಮಲಗುವ ಮುನ್ನ ಜೇನು

ಮನೆಮದ್ದುಗಳಲ್ಲಿ ಪುರಾವೆ ಚೆನ್ನಾಗಿರುವುದು ಇದಕ್ಕೆ. ಒಂದು ವರ್ಷ ದಾಟಿದ ಮಗುವಿಗೆ ಮಲಗುವ ಅರ್ಧ ತಾಸು ಮೊದಲು ಅರ್ಧ ಚಮಚ, ಅಂದರೆ 2.5 ಮಿಲಿ, ಆರು ವರ್ಷದ ಮೇಲೆ ಒಂದು ಚಮಚ, ದೊಡ್ಡವರಿಗೆ ಎರಡು ಚಮಚ. ಹಾಗೆಯೇ ನೆಕ್ಕಬಹುದು, ಉಗುರುಬೆಚ್ಚಗಿನ ನೀರಿನಲ್ಲಿಯೂ ಕುಡಿಯಬಹುದು. ನೆಕ್ಕಿದ ಮೇಲೆ ಮಕ್ಕಳು ಬಾಯಿ ಮುಕ್ಕಳಿಸಿ ಮಲಗಲಿ, ಇಲ್ಲವಾದರೆ ಹಲ್ಲು ಹುಳುಕಾಗುತ್ತದೆ.

ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಒಂದು ವಿಷಯದ ಮೇಲೆ ನಡೆದ ಎಲ್ಲ ಪ್ರಯೋಗಗಳನ್ನೂ ಕಲೆಹಾಕಿ ತೂಗಿ ನೋಡುತ್ತದೆ. ಅದರ 2018ರ ಪರಿಶೀಲನೆಯಲ್ಲಿ ಮಕ್ಕಳ ಮೇಲಿನ 6 ಪ್ರಯೋಗಗಳು, 899 ಮಕ್ಕಳು ಸೇರಿದ್ದರು. ಏನನ್ನೂ ಕೊಡದೆ ಇರುವುದಕ್ಕಿಂತ ಜೇನು ಕೊಟ್ಟಾಗ ಕೆಮ್ಮು ಹೆಚ್ಚು ತಗ್ಗಿತು. ಅಂಗಡಿಯ ಸಿರಪ್ಪುಗಳಲ್ಲಿರುವ ಡೆಕ್ಸ್ಟ್ರೋಮೆಥಾರ್ಫಾನ್‌ಗೆ ಹೋಲಿಸಿದರೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಮೂರು ದಿನಗಳಾಚೆಗೂ ಜೇನು ಮೇಲುಗೈ ಉಳಿಸಿಕೊಳ್ಳುತ್ತದೆ ಎಂಬುದಕ್ಕೆ ಮಾತ್ರ ಪುರಾವೆ ಸಾಲದು. ಮಧುಮೇಹಿಗಳು ಜೇನನ್ನು ಸಕ್ಕರೆ ಎಂದೇ ಲೆಕ್ಕ ಹಿಡಿಯಬೇಕು.

ಹಂತ 5: ಮೂಗಿಗೆ ಉಪ್ಪುನೀರು

ಇದು ಗಿಡಮೂಲಿಕೆಯಲ್ಲ, ಆದರೂ ಇದನ್ನು ಬಿಟ್ಟರೆ ಲೇಖನ ಅಪೂರ್ಣವಾಗುತ್ತದೆ. ಯೋಗಾಭ್ಯಾಸಿಗಳಿಗೆ ಜಲನೇತಿ ಎಂದು ಪರಿಚಿತವಾದ ಕ್ರಮವೇ ಇದು. ಅರ್ಧ ಲೀಟರ್ ನೀರನ್ನು ಮಳಮಳ ಕುದಿ ಬಂದ ಮೇಲೂ ಒಂದು ನಿಮಿಷಕ್ಕಿಂತ ಹೆಚ್ಚು ಕುದಿಸಿ, ಮುಚ್ಚಿಟ್ಟು ಆರಿಸಿ, ಉಗುರುಬೆಚ್ಚಗಿರುವಾಗ ಒಂದು ಮಟ್ಟ ಚಮಚ ಉಪ್ಪು ಕರಗಿಸಿರಿ. ಬಚ್ಚಲ ಕಟ್ಟೆಯ ಮೇಲೆ ಬಗ್ಗಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಬಾಯಿಯಿಂದ ಉಸಿರಾಡುತ್ತ, ನೇತಿಪಾತ್ರೆಯಿಂದ ಇಲ್ಲವೆ ಸೂಜಿ ತೆಗೆದ 10 ಮಿಲಿ ಸಿರಿಂಜಿನಿಂದ ಮೇಲಿನ ಹೊಳ್ಳೆಗೆ ನಿಧಾನವಾಗಿ ಬಿಡಿರಿ. ನೀರು ಇನ್ನೊಂದು ಹೊಳ್ಳೆಯಿಂದ ಇಳಿಯುತ್ತದೆ. ಉರಿ ಎನಿಸಿದರೆ ಉಪ್ಪಿನ ಅಳತೆ ಹೆಚ್ಚಾಗಿದೆ ಅಥವಾ ಕಡಿಮೆಯಾಗಿದೆ ಎಂದು ತಿಳಿಯಿರಿ. ಬರೀ ನೀರು ಉಪ್ಪುನೀರಿಗಿಂತ ಹೆಚ್ಚು ಉರಿಯುತ್ತದೆ.

ಕೊಳವೆಬಾವಿಯ ನೀರಾಗಲಿ, ನಲ್ಲಿಯ ನೀರಾಗಲಿ, ಎಷ್ಟು ತಿಳಿಯಾಗಿದ್ದರೂ ಕುದಿಸದೆ ಮೂಗಿಗೆ ಹಾಕಬಾರದು. ನೆಗ್ಲೇರಿಯಾ ಎಂಬ ಅಮೀಬಾ ಹೊಟ್ಟೆಗೆ ಹೋದರೆ ಏನೂ ಆಗುವುದಿಲ್ಲ, ಮೂಗಿನ ಮೂಲಕ ಹೋದರೆ ಮಿದುಳಿಗೆ ಏರಿ ಪ್ರಾಣ ತೆಗೆಯುತ್ತದೆ. ಉಳಿದ ನೀರನ್ನು ಮಾರನೆಯ ದಿನಕ್ಕೆ ಇಡಬೇಡಿರಿ. ಎಳೆಗೂಸಿನ ಮೂಗು ಕಟ್ಟಿ ಹಾಲು ಕುಡಿಯಲಾಗದಿದ್ದರೆ ಔಷಧದ ಅಂಗಡಿಯಲ್ಲಿ ಸಿಗುವ ಸಲೈನ್ ಹನಿಗಳನ್ನೇ ಹಾಲು ಕುಡಿಸುವ ಮುನ್ನ ಒಂದೊಂದು ಹೊಳ್ಳೆಗೆ ಒಂದೆರಡು ಹನಿ ಹಾಕಿರಿ.

ಬ್ರಿಟನ್ನಿನಲ್ಲಿ 13 ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡು ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸೋಂಕಿನ ಮೊದಲ ಲಕ್ಷಣಕ್ಕೇ ಮೂಗಿಗೆ ಉಪ್ಪುನೀರಿನ ಸ್ಪ್ರೇ ಬಳಸಿದವರು ಅನಾರೋಗ್ಯದಿಂದ ಕಳೆದ ದಿನಗಳು ಉಳಿದವರಿಗಿಂತ ಕಡಿಮೆಯಾಗಿದ್ದವು. ನಮ್ಮ ಮೂಲಿಕೆಗಳಲ್ಲಿ ಯಾವುದಕ್ಕೂ ಇಷ್ಟು ದೊಡ್ಡ ಪ್ರಯೋಗದ ಬೆಂಬಲವಿಲ್ಲ.

ಹಂತ 6: ಹಬೆ ತೆಗೆದುಕೊಳ್ಳುವುದಿದ್ದರೆ

ಹಬೆಯ ಬಗ್ಗೆ ನನ್ನ ಅಭಿಪ್ರಾಯ ಹೆಚ್ಚಿನ ಓದುಗರಿಗೆ ಹಿಡಿಸುವುದಿಲ್ಲ ಎಂದು ಬಲ್ಲೆ. ಕಾಕ್ರೇನ್‌ನ 2017ರ ಪರಿಶೀಲನೆ 6 ಪ್ರಯೋಗಗಳನ್ನು, 387 ಜನರ ಫಲಿತಾಂಶಗಳನ್ನು ನೋಡಿ, ನೆಗಡಿಗೆ ಬಿಸಿ ಹಬೆಯಿಂದ ಲಾಭ ಇದೆ ಎಂದಾಗಲಿ ಇಲ್ಲ ಎಂದಾಗಲಿ ಖಚಿತವಾಗಿ ಹೇಳಲಾಗದು ಎಂದಿತು. ಲಾಭ ಹೀಗೆ ಅಳತೆಗೆ ಸಿಗದಿದ್ದರೂ ಸುಟ್ಟಗಾಯ ಮಾತ್ರ ಕಣ್ಣಿಗೆ ಕಾಣುವ ಸತ್ಯ. ನೆಲದ ಮೇಲೆ ಕುದಿನೀರಿನ ಬೋಗುಣಿ, ಅದರ ಮುಂದೆ ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಂಡ ತಾಯಿ, ಇಬ್ಬರ ಮೇಲೂ ದಪ್ಪನೆಯ ಕೌದಿ: ಕತ್ತಲಲ್ಲಿ ಉಸಿರುಗಟ್ಟಿ ಮಗು ಕಾಲು ಝಾಡಿಸಿದರೆ ನೀರು ಎಲ್ಲಿ ಬೀಳುತ್ತದೆ ಎಂದು ವಿಚಾರ ಮಾಡಿರಿ. ಮಕ್ಕಳಿಗೆ ಹಬೆ ಬೇಡವೇ ಬೇಡ. ದಮ್ಮು ಇರುವವರಿಗೂ ಬೇಡ, ಕೆಲವರಿಗೆ ಬಿಸಿ ಹಬೆಯಿಂದಲೇ ಉಬ್ಬಸ ಕೆರಳುತ್ತದೆ.

ದೊಡ್ಡವರು ತೆಗೆದುಕೊಳ್ಳುವುದಿದ್ದರೆ, ಪಾತ್ರೆಯನ್ನು ಅಲುಗಾಡದ ಮೇಜಿನ ಮೇಲೆ ಇಟ್ಟು, ಒಲೆಯಿಂದ ಇಳಿಸಿದ ಎರಡು-ಮೂರು ನಿಮಿಷಗಳ ಮೇಲೆ, ಮೊಳದಷ್ಟು ದೂರದಿಂದ, ತೆಳುವಾದ ಟವೆಲ್ ಹೊದ್ದು 5 ನಿಮಿಷ ಉಸಿರಾಡಿರಿ. ಬಚ್ಚಲಲ್ಲಿ ಬಕೆಟ್ ತುಂಬ ಬಿಸಿನೀರು ಬಿಟ್ಟು ಬಾಗಿಲು ಹಾಕಿಕೊಂಡು ಕೂಡುವುದು ಇನ್ನೂ ಸುರಕ್ಷಿತ. ನೀರಿಗೆ ಒಂದು ಚಮಚ ಅಜವಾನ ಅಥವಾ ನಾಲ್ಕು ದೊಡ್ಡಪತ್ರೆ ಎಲೆ ಹಾಕಬಹುದು; ಅವುಗಳ ಥೈಮಾಲ್, ಕಾರ್ವಕ್ರಾಲ್ ಹಿತವಾದ ವಾಸನೆ ಕೊಡುತ್ತವೆ. ಮುಲಾಮುಗಳಲ್ಲಿರುವ ಮೆಂಥಾಲ್‌ನಿಂದ ಮೂಗು ತೆರೆದಂತೆ ಅನಿಸುವುದು ಅದು ತಂಪನ್ನು ಗ್ರಹಿಸುವ ನರಗಳನ್ನು ಎಚ್ಚರಿಸುವುದರಿಂದ. ಅಳೆದು ನೋಡಿದರೆ ಮೂಗಿನ ದಾರಿ ಮೊದಲಿನಷ್ಟೇ ಕಿರಿದಾಗಿರುತ್ತದೆ. ಆ ಅನಿಸಿಕೆಯಿಂದ ನಿದ್ದೆ ಬರುವುದಾದರೆ ದೊಡ್ಡವರು ಎದೆಗೆ ಹಚ್ಚಿಕೊಳ್ಳಲು ಅಡ್ಡಿಯಿಲ್ಲ.

ಹಂತ 7: ಆಡುಸೋಗೆ, ಜ್ಯೇಷ್ಠಮಧು, ಸಿದ್ಧ ಚೂರ್ಣಗಳು

ಎದೆಯಲ್ಲಿ ಗಟ್ಟಿ ಕಫ ಇರುವವರಿಗೆ ಹಿರಿಯರು ಸೂಚಿಸುವುದು ಆಡುಸೋಗೆಯನ್ನು. ಬೆಳಗಾವಿಯ ಮರಾಠಿ ನೆರೆಹೊರೆಯಲ್ಲಿ ಅದು ಅಡುಳಸಾ. ದನಕರು ಮೇಯದ ಗಿಡವಾದ್ದರಿಂದ ಬೇಲಿಗೆ ಹಚ್ಚುತ್ತಾರೆ. ಉದ್ದನೆಯ ಮೊನಚು ಎಲೆ, ನೇರಳೆ ಗೆರೆಗಳಿರುವ ಬಿಳಿ ಹೂವು. ಇದರ ವಾಸಿಸಿನ್ ಎಂಬ ಅಂಶವನ್ನು ಮಾದರಿಯಾಗಿಟ್ಟುಕೊಂಡೇ ಬ್ರೋಮ್‌ಹೆಕ್ಸಿನ್ ಎಂಬ ಕಫ ತೆಳುವಾಗಿಸುವ ಔಷಧಿಯನ್ನು 1960ರ ದಶಕದಲ್ಲಿ ಬಳಕೆಗೆ ತಂದರು. ಇಂದು ಸಿರಪ್ಪುಗಳಲ್ಲಿ ಕಾಣುವ ಅಂಬ್ರಾಕ್ಸಾಲ್ ಅದರಿಂದಲೇ ಬಂದದ್ದು. ಎಲೆಯ ಕಷಾಯದ ಮೇಲೆಯೇ ಮನುಷ್ಯರಲ್ಲಿ ನಡೆದ ಒಳ್ಳೆಯ ಪ್ರಯೋಗಗಳು ಮಾತ್ರ ಕಡಿಮೆ. ಬಲಿತ ಎರಡು ಎಲೆಗಳನ್ನು ಹೆಚ್ಚಿ, ಒಂದೂವರೆ ಕಪ್ ನೀರಿನಲ್ಲಿ ಮುಕ್ಕಾಲು ಕಪ್ಪಿಗೆ ಇಳಿಸಿ, ಸೋಸಿ, ದೊಡ್ಡವರು ದಿನಕ್ಕೆ ಎರಡು ಸಲದಂತೆ ಐದು ದಿನಗಳಿಗೆ ಮೀರದಂತೆ ಕುಡಿಯಬಹುದು. ಬಹಳ ಕಹಿ, ಹೆಚ್ಚಾದರೆ ವಾಂತಿ ಆಗುತ್ತದೆ.

ಇಲ್ಲಿ ಆಗುವ ದೊಡ್ಡ ತಪ್ಪು ಗಿಡ ಬದಲಾಗುವುದು. ಆಡುಮುಟ್ಟದ ಬಳ್ಳಿ ಎಂಬುದು ಬೇರೆಯೇ ಸಸ್ಯ, ಬಳ್ಳಿಯಾಗಿ ಹಬ್ಬುತ್ತದೆ, ಅದನ್ನೂ ದಮ್ಮಿಗೆ ಬಳಸುತ್ತಾರೆ. ಅದರ ಹಸಿ ಎಲೆ ಅಗಿದರೆ ಬಾಯಿ ಹುಣ್ಣಾಗಿ ವಾಂತಿಯಾಗಬಹುದು. ಅದರ ಮೇಲಿನ ಹಳೆಯ ಪ್ರಯೋಗಗಳ ಫಲಿತಾಂಶಗಳೂ ಒಂದಕ್ಕೊಂದು ಹೊಂದುವುದಿಲ್ಲ. ಅನುಮಾನವಿದ್ದರೆ ಹೂವು ಸಹಿತವಾದ ಒಂದು ಟೊಂಗೆಯನ್ನು ಬೆಳಗಾವಿ, ಬಾಗಲಕೋಟೆ ಅಥವಾ ವಿಜಯಪುರದ ಆಯುರ್ವೇದ ಕಾಲೇಜಿಗೆ ಒಯ್ದು ದ್ರವ್ಯಗುಣ ವಿಭಾಗದಲ್ಲಿ ತೋರಿಸಿರಿ; ಔಷಧಿ ಸಸ್ಯಗಳನ್ನು ಗುರುತಿಸಿ ಅವುಗಳ ಗುಣವನ್ನು ಅಭ್ಯಸಿಸುವ ವಿಭಾಗ ಅದು. ಸಾಂಪ್ರದಾಯಿಕ ಔಷಧಿಗಳ ಸಂಶೋಧನೆಗೆಂದೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಸಂಸ್ಥೆಯೊಂದು ಬೆಳಗಾವಿಯಲ್ಲಿಯೇ ಇದೆ ಎಂಬುದು ಇಲ್ಲಿನವರಿಗೇ ಅಷ್ಟಾಗಿ ಗೊತ್ತಿಲ್ಲ.

ಜ್ಯೇಷ್ಠಮಧುವಿನ ಸಣ್ಣ ತುಂಡನ್ನು ಚೀಪುವುದು ಗಂಟಲಿಗೆ ಹಿತ. ಶಸ್ತ್ರಚಿಕಿತ್ಸೆಗೆ ಮುನ್ನ ಅದರ ನೀರಿನಿಂದ ಬಾಯಿ ಮುಕ್ಕಳಿಸಿದವರಿಗೆ ಅರಿವಳಿಕೆಯ ನಳಿಗೆಯಿಂದಾಗುವ ಗಂಟಲು ನೋವು ಕಡಿಮೆಯಾದದ್ದು ಹಲವು ಪ್ರಯೋಗಗಳಲ್ಲಿ ಕಂಡಿದೆ. ಎರಡು-ಮೂರು ದಿನಗಳಿಗಿಂತ ಹೆಚ್ಚು ಬೇಡ.

ಕೆಮ್ಮಿಗೆ ಕೊಡುವ ಸಿದ್ಧ ಪುಡಿಯಾದ ಸಿತೋಪಲಾದಿ ಚೂರ್ಣದಲ್ಲಿ ಕಲ್ಲುಸಕ್ಕರೆ 16, ವಂಶಲೋಚನ (ಬಿದಿರಿನೊಳಗೆ ಸಿಗುವ ಬಿಳಿ ವಸ್ತು) 8, ಹಿಪ್ಪಲಿ 4, ಏಲಕ್ಕಿ 2, ದಾಲ್ಚಿನ್ನಿ 1 ಭಾಗ ಇರುತ್ತದೆ. ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ ಆದ್ದರಿಂದ ಮಧುಮೇಹಿಗಳು "ಆಯುರ್ವೇದ ತಾನೇ" ಎಂದು ನೆಕ್ಕುವಂತಿಲ್ಲ.

ಹಂತ 8: ಇವನ್ನು ಮಾಡಬೇಡಿರಿ

ಕರ್ಪೂರವನ್ನು ಮಕ್ಕಳ ಮೂಗಿಗೆ, ಎದೆಗೆ ಹಚ್ಚಬೇಡಿರಿ. ಸ್ವಲ್ಪವೇ ಹೊಟ್ಟೆಗೆ ಹೋದರೂ ಮಗುವಿಗೆ ಫಿಟ್ಸ್ ಬರಬಹುದು. ದೊಡ್ಡವರಾದರೂ ನೀಲಗಿರಿ ಎಣ್ಣೆಯನ್ನು ಸಕ್ಕರೆಗೆ ಹನಿಸಿ ತಿನ್ನಬಾರದು. ಜರ್ಮನಿಯಲ್ಲಿ ಸೈನಸ್ ತೊಂದರೆಗೆ ಅದರ ಸಿನಿಯೋಲ್ ಅಂಶವನ್ನು ಅಳತೆ ಮಾಡಿದ ಕ್ಯಾಪ್ಸೂಲ್‌ನಲ್ಲಿ ಕೊಟ್ಟು ಲಾಭ ಕಂಡಿದ್ದಾರೆ, ಆದರೆ ಶೀಸೆಯಲ್ಲಿ ಮಾರುವ ಎಣ್ಣೆಗೆ ಅದು ಅನ್ವಯಿಸುವುದಿಲ್ಲ. ದಮ್ಮಿಗೆಂದು ದತ್ತೂರಿಯ ಎಲೆ ಸೇದುವುದು, ಬೀಜ ನುಂಗುವುದು ಪ್ರಾಣಕ್ಕೇ ಸಂಚಕಾರ. ಕೂಸಿನ ಮೂಗಿಗೆ ಎಣ್ಣೆ ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು.

ಹೆಸರು, ಘಟಕಗಳು, ಪರವಾನಗಿ ಸಂಖ್ಯೆ ಯಾವುದೂ ಇಲ್ಲದ "ದಮ್ಮಿನ ಪುಡಿ"ಯನ್ನು ಸಂತೆಯಲ್ಲಾಗಲಿ ಜಾತ್ರೆಯಲ್ಲಾಗಲಿ ಕೊಳ್ಳಬೇಡಿರಿ. ಇಂಥ ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆಸಿದ್ದು ಪತ್ತೆಯಾದ ಉದಾಹರಣೆಗಳಿವೆ. ಒಂದೇ ದಿನದಲ್ಲಿ ಗುಣ ಕಂಡರೆ ಖುಷಿಪಡುವ ಬದಲು ಅನುಮಾನಪಡಿರಿ. ಅಮೆರಿಕದ ಬೋಸ್ಟನ್ನಿನ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇದ್ದುದನ್ನು 2004ರಲ್ಲಿ ವರದಿ ಮಾಡಲಾಗಿತ್ತು. ಮನೆಮದ್ದು ಬಿಟ್ಟು ಸಿರಪ್ಪಿನತ್ತ ತಿರುಗುವವರಿಗೂ ಒಂದು ಎಚ್ಚರಿಕೆ: ಕ್ಲೋರ್‌ಫೆನಿರಮಿನ್ ಮತ್ತು ಫೆನೈಲ್‌ಎಫ್ರಿನ್ ಕೂಡಿಸಿದ ನೆಗಡಿ ಔಷಧಿಯನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ದೇಶದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಸೂಚಿಸಿದ್ದಾರೆ. ಉಳಿದಿದ್ದ ಆ್ಯಂಟಿಬಯೋಟಿಕ್ ಮಾತ್ರೆಯನ್ನು ನೆಗಡಿಗೆ ನುಂಗುವುದೂ ವ್ಯರ್ಥ, ಅದು ವೈರಾಣುವನ್ನು ಮುಟ್ಟುವುದಿಲ್ಲ.

ಹಂತ 9: ಮನೆಮದ್ದು ನಿಲ್ಲಿಸಿ ಆಸ್ಪತ್ರೆಗೆ ಹೋಗುವುದು

ಮಗು ಅಳದೆ ಶಾಂತವಾಗಿರುವಾಗ ಅಂಗಿ ಎತ್ತಿ ಹೊಟ್ಟೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಿರಿ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, 2ರಿಂದ 12 ತಿಂಗಳೊಳಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷದೊಳಗೆ 40 ಅಥವಾ ಹೆಚ್ಚು ಉಸಿರು ಕಂಡರೆ ಅದು ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ತೀವ್ರ ಉಸಿರಾಟ, ನ್ಯುಮೋನಿಯಾದ ಸೂಚನೆ. ಉಸಿರು ಎಳೆದಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಸೆಳೆಯುವುದು, ಮಗು ಹಾಲು ಬಿಡುವುದು, ತುಟಿ ನೀಲಿಗಟ್ಟುವುದು, ಎಬ್ಬಿಸಿದರೂ ಏಳದಷ್ಟು ಮಂಪರು ಕವಿಯುವುದು ಕಂಡರೆ ಎಣಿಸುತ್ತ ಕೂಡದೆ 108ಕ್ಕೆ ಕರೆ ಮಾಡಿರಿ.

ದೊಡ್ಡವರಲ್ಲಿ ಮಾತಾಡಲಾಗದಷ್ಟು ಏದುಸಿರು, ಎದೆನೋವು, ಕಫದಲ್ಲಿ ರಕ್ತ, ಮೂರು ದಿನ ದಾಟಿದರೂ ಇಳಿಯದ ಜ್ವರ, ಅಥವಾ ವಾಸಿಯಾಗುತ್ತಿದ್ದ ನೆಗಡಿ ಮತ್ತೆ ಜ್ವರದೊಂದಿಗೆ ಮರುಕಳಿಸುವುದು ವೈದ್ಯರನ್ನು ಕಾಣಲು ಕಾರಣಗಳು. ಎರಡು ವಾರ ಮೀರಿದ ಕೆಮ್ಮಿಗೆ ಕ್ಷಯರೋಗದ ಪರೀಕ್ಷೆ ಮಾಡಿಸಲೇಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಕಫ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ. ನೆಗಡಿಯ ಬೆನ್ನಿಗಿನ ಕೆಮ್ಮು ಮೂರು ವಾರದವರೆಗೂ ಇರಬಹುದೆಂದು ಮೊದಲೇ ಹೇಳಿದ್ದರೂ, ಅದು ಅದೇ ಕೆಮ್ಮು ಎಂದು ಮನೆಯಲ್ಲಿ ಕುಳಿತು ತೀರ್ಮಾನಿಸಲು ಬರುವುದಿಲ್ಲ.

ಹೋಗುವಾಗ ಏನೇನು, ಎಷ್ಟು ಹೊತ್ತಿಗೆ, ಎಷ್ಟು ದಿನ ಸೇವಿಸಿದ್ದೀರಿ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ, ಪುಡಿಯ ಪೊಟ್ಟಣವನ್ನೂ ಎಲೆಯ ಟೊಂಗೆಯನ್ನೂ ಜೊತೆಗೆ ಒಯ್ಯಿರಿ. ಕಷಾಯ ಕುಡಿದದ್ದನ್ನು ಹೇಳಿದರೆ ವೈದ್ಯರು ಬೈಯುತ್ತಾರೆಂದು ಮುಚ್ಚಿಡುವವರು ಬಹಳ. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಶಿಯಂ ಏಕೆ ಇಳಿದಿದೆ, ಲಿವರಿನ ಅಂಕಿಗಳು ಏಕೆ ಏರಿವೆ ಎಂಬುದಕ್ಕೆ ಉತ್ತರ ಆ ಚೀಟಿಯಲ್ಲಿಯೇ ಇರಬಹುದು.